ಅಂಗೈಯಗಲದ ಚೂರು

ಸಂತ ಜುವಾಂವನ ಹಬ್ಬ ಮುಗಿದ ವಾರ, ದೇವರ ದಯೆಯಿಂದ ಬೆಳಗಿನಿಂದಲೇ ಸೋನೆ ಹಿಡಿದಿತ್ತು. ಪೆರ್ನಂಬುಕೊದ ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ, ನನ್ನ ಪಕ್ಕದಲ್ಲೇ, ಬಟ್ಟೆ ಹೊಲಿಯುವ ಜುಲ್ಮೀರಾ ಹುಟ್ಟಲಿರುವ ಮೊಮ್ಮಗುವಿಗೆಂದು ಕೌದಿ ಶುರು ಮಾಡಿದ್ದಳು. ಮಡಿಲ ತುಂಬ ಹೂಹೂವಿನ ಚೀಟಿ ಬಟ್ಟೆಯ ಚೂರುಗಳು. ಜೊತೆಗಿದ್ದವಳು ಜಸೀರಾ. ಜಸೀರಾಳ ಮಗಳು ಲೀಡಿಯಾಗೆ ಜ್ಞಾನಸ್ನಾನದಲ್ಲಿ ಜುಲ್ಮೀರಾಳೇ ಧರ್ಮತಾಯಿ. ಹಾಗಾಗಿ ಇಬ್ಬರೂ ಪರಸ್ಪರ ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ ಕರೆದುಕೊಳ್ಳುವುದು.

“ಹಳದಿ ಪಕ್ಕ ನೀಲಿ ಇಡು ಕೊಮಾದ್ರೆ, ಕಳೆ ಬರ್ತದೆ.”

“ಇಟ್ಟೆ. ನಟ್ಟನಡುವೆ ಮಾತ್ರ ಈ ಕೆಂಪು ಗುಲಾಬಿ.”

“ಅರೆ, ಇದು ನಮ್ಮ ಲೀಡಿಯಾಳ ಹಬ್ಬದ ಕುಣಿತದ ಲಂಗದ್ದಲ್ವಾ?”

“ಮಿಕ್ಕಿದ ಚೂರು ಕಣೇ. ಅಂಗೈಯಗಲದೊಳಗಿದ್ರೆ ಹೊಲಿದವಳಿಗೇ ಸೇರೋದು, ಗೊತ್ತಲ್ಲ.”

“ಗೊತ್ತು. ಯಾರ ಅಂಗೈ?”

“ಯಾರದ್ದಾದ್ರೇನು?”

“ಬಟ್ಟೆ ಕೊಟ್ಟವಳದ್ದು.”

ಜಸೀರಾ ಚೂರಿನ ಮೇಲೆ ಕೈಯಿಟ್ಟಳು. ಸುತ್ತಲೂ ನಾಲ್ಕು ಬೆರಳಗಲ ಗುಲಾಬಿ ಉಳಿಯಿತು.

“ನಿಂದೇನು ಕೈಯಾ, ಗುಬ್ಬಚ್ಚಿ ಕಾಲಾ?”

“ಗುಬ್ಬಚ್ಚಿದೇ ಇರ್ಲಿ. ಬಟ್ಟೆ ಸಾಲ್ಲಿಲ್ಲ ಅಂತ ಲಂಗದ ನೆರಿಗೆ ಒಂದು ಸುತ್ತು ಕಮ್ಮಿ ಮಾಡ್ದೆ ನೀನು. ಕುಣಿಯೋವಾಗ ಎಲ್ಲರ ಲಂಗ ಅರಳ್ತು, ನಿನ್ನ ಧರ್ಮಮಗಳದ್ದು ಕಾಲಿಗೇ ಅಂಟ್ಕೊಂಡಿತ್ತು. ಮನೆಗೆ ಬಂದು ಅತ್ಲು.”

“ಅತ್ಲಾ? ನಂಗೆ ಹೇಳ್ಲೇ ಇಲ್ಲ ಅವಳು.”

“ಬಟ್ಟೆ ಕಮ್ಮಿ ತಂದಿದ್ದು ನೀನೇ ಅಂತ ನನ್ನನ್ನೇ ಬೈದ್ಲು. ನಿನ್ನನ್ನ ಅನುಮಾನಿಸೋದು ಅವಳಿಗೆ ಬರಲ್ಲ.”

ಒಳಗಿನಿಂದ ನರ್ಸ್ ಜುಲ್ಮೀರಾಳ ಹೆಸರು ಕೂಗಿದಳು. ಜುಲ್ಮೀರಾ ತಲೆಯೆತ್ತದೆ ಕೆಂಪು ಚೂರಿಗೆ ಚುಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು, ಅದನ್ನು ಮಡಿಸಿ, ಜಸೀರಾಳ ಮಡಿಲಲ್ಲಿಟ್ಟು ಒಳಗೆ ಹೋದಳು.