ಎರಡು ಚಕ್ರದ ಟ್ರೈಲರ್ ಸಾಕೆಂದವನು ನಾನು

ತರಬೇತಿ ಕೇಂದ್ರದ ನಿವೃತ್ತ ಲೇತ್ ಬೋಧಕ, ವಯಸ್ಸು 63 ವರ್ಷ, ವಾಸ ಕೇಂದ್ರದ ಹಿಂದಿನ ಓಣಿಯ ಮೂರನೇ ಮನೆ, ಆದ ನಾನು ಠಾಣೆಗೆ ಖುದ್ದಾಗಿ ಹಾಜರಾಗಿ ಬರೆಸುವುದೇನೆಂದರೆ:

ಇಂದು ಅಪಘಾತವಾದಾಗ ಜೀಪು ಓಡಿಸುತ್ತಿದ್ದ 24 ವರ್ಷದ ಯುವತಿ ನನ್ನ ಹಳೆಯ ವಿದ್ಯಾರ್ಥಿನಿ. ಆಕೆ ತೆರೆಯಲಿರುವ ವರ್ಕ್‌ಶಾಪಿಗೆ ಕೇಂದ್ರದ ಹಳೆಯ ಲೇತ್ ಯಂತ್ರವನ್ನು ಸಾಗಿಸಲು ಇಂದು ಬೆಳಿಗ್ಗೆ 9.10ಕ್ಕೆ ನಾವಿಬ್ಬರೂ ಟ್ರೈಲರ್ ಬಾಡಿಗೆಗೆ ಕೊಡುವ ಅಂಗಳಕ್ಕೆ ಹೋದೆವು. ಅಲ್ಲಿ ಒಂದೇ ಆಕ್ಸಲ್‌ನ ಎರಡು ಚಕ್ರದ್ದೂ ಜೋಡಿ ಆಕ್ಸಲ್‌ನ ನಾಲ್ಕು ಚಕ್ರದ್ದೂ ಇದ್ದವು. ಆಕೆ ನಾಲ್ಕು ಚಕ್ರದ್ದನ್ನು ಕೇಳಿದಳು. ಒಂದು ಟೈರ್ ಹೋದ್ರೂ ಉಳಿದ ಮೂರು ಹಿಡ್ಕೊಳ್ತವೆ ಸರ್ ಎಂದಳು. ಅದು ಓಣಿಯಲ್ಲಿ ತಿರುಗುವುದಿಲ್ಲ, ಎರಡು ಚಕ್ರದ್ದಾದರೆ ಕೈಯಲ್ಲೇ ತಿರುಗಿಸಬಹುದೆಂದು ನಾನು ಹೇಳಿದೆನು. ಎರಡು ಚಕ್ರದ್ದರ ಮೇಲೆ ಹೊರೆ 900 ಕಿಲೋ ಮೀರಬಾರದೆಂದು ಬಾಡಿಗೆಯವನು ಎಚ್ಚರಿಸಿ, ನಿಮ್ಮ ಮಾಲು ಎಷ್ಟಿದೆ ಯಜಮಾನ್ರೇ ಎಂದು ಕೇಳಿದನು. ನಾನು 800 ಎಂದೆನು.

9.50ಕ್ಕೆ ಕೇಂದ್ರದಲ್ಲಿ ಯಂತ್ರವನ್ನು ಏರಿಸುವ ಮೊದಲು, ಅದರ ತೂಕದ ಫಲಕಕ್ಕೆ ಮೆತ್ತಿದ್ದ ಬಣ್ಣವನ್ನು ಕೆರೆದು ನೋಡೋಣವೆಂದು ಆಕೆ ಅಂದಳು. ಹತ್ತೊಂಬತ್ತು ವರ್ಷ ಇದರ ಮುಂದೆ ನಿಂತವನಿಗೆ ಇದರ ತೂಕ ಗೊತ್ತಿಲ್ವೇನಮ್ಮ, ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು ಎಂದು ನಾನು ನಕ್ಕೆನು. ಆಕೆಯೂ ನಕ್ಕು ಯಂತ್ರ ಏರಿಸಲು ಕೈಹಾಕಿದಳು.

10.35ಕ್ಕೆ ಇಳಿಜಾರಿನಲ್ಲಿ ಟ್ರೈಲರಿನ ಎಡ ಟೈರ್ ಸಿಡಿಯಿತು. ಆಗ ವೇಗದ ಮುಳ್ಳು 35ರಲ್ಲಿದ್ದುದನ್ನು ನಾನು ಕಂಡಿದ್ದೇನೆ. ಟ್ರೈಲರ್ ಎಡಕ್ಕೂ ಬಲಕ್ಕೂ ಬೀಸುತ್ತ ಜೀಪನ್ನು ಎಳೆದಾಡತೊಡಗಿತು. ಸುಮಾರು 60 ಮೀಟರ್ ಮುಂದೆ ಬಸ್ ತಂಗುದಾಣದಲ್ಲಿ ಏಳು ಜನರಿದ್ದರು. ಒಬ್ಬ ಹೆಂಗಸಿನ ಕಂಕುಳಲ್ಲಿ ಮಗುವಿತ್ತು. ಬ್ರೇಕ್ ಒತ್ತೆಂದು ನಾನು ಕೂಗಿದೆನು. ಒತ್ತಿದ್ರೆ ಮಗುಚ್ತೀವಿ, ಸುಮ್ನಿರಿ ಸರ್ ಎಂದು ಆಕೆ ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ಹಾರ್ನ್ ಒತ್ತಿಯೇ ಇದ್ದಳು. ಜನ ಓಡಿದರು. ಟ್ರೈಲರ್ ತಂಗುದಾಣದ ಕಂಬಕ್ಕೆ ಬಡಿದು ನಿಂತಿತು. ಓಡುವಾಗ ಬಿದ್ದ ಹಿರಿಯರೊಬ್ಬರ ಮಣಿಕಟ್ಟು ಮುರಿಯಿತು. ಚಕ್ರದ ಕೆಳಗೆ ಬೆರಳುದ್ದದ ಚಪ್ಪಲಿಯೊಂದು ಕಂಡಿತು. ಬಗ್ಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಆಕೆ ಮಂಡಿಯೂರಿ ನೋಡಿ, ಬರೀ ಚಪ್ಪಲಿ ಸರ್ ಎಂದಳು. ಆಮೇಲೆ ಮಗುವಿನ ಅಳು ನನಗೆ ಕೇಳಿಸಿತು.

11.20ಕ್ಕೆ ನಾನು ಬೀಗದ ಕೈಯಿಂದ ಫಲಕವನ್ನು ಕೆರೆದೆನು. 1,150 ಕಿಲೋ ಎಂದಿದೆ.

ಅತಿವೇಗವೇ ಕಾರಣವೆಂದು ಆಕೆಯ ಮೇಲೆ ದೂರು ಬಂದಿದೆ. ಟ್ರೈಲರ್ ಆರಿಸಿದ್ದೂ ತೂಕ ಹೇಳಿದ್ದೂ ತಾನೇ ಎಂದು ಆಕೆ ಬರೆಸಿರುವುದಾಗಿ ಈಗ ತಿಳಿಯಿತು. ಅದು ನಿಜವಲ್ಲ, ಗುರುವಿನ ಮುಖ ಉಳಿಸಲು ಹೇಳಿದ ಮಾತು. ನಾನು ಕಲಿಸಿದ ಮಕ್ಕಳಲ್ಲಿ, ನಾನು ತಪ್ಪು ಹೇಳಿದಾಗ ಕೇಳದೆ ಸರಿಯಾದುದನ್ನು ಮಾಡಿದವಳು ಈಕೆಯೊಬ್ಬಳೇ. ಕೆಲಸ ಶುರುವಾಗುವ ಮುನ್ನವೇ ಆಕೆಯ ಮೇಲೆ ಪ್ರಕರಣ ಬೀಳಬಾರದೆಂದು ಇದನ್ನು ಬರೆಸುತ್ತಿದ್ದೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಆಕೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ನಾನು ಸಹಿ ಮಾಡಿದ ಮೇಲೆಯೇ ಒಳಗೆ ಕರೆಯಬೇಕೆಂದು ಕೋರುತ್ತೇನೆ. ಮೊದಲೇ ಕರೆದರೆ ಪೆನ್ನು ಕಿತ್ತುಕೊಳ್ಳುತ್ತಾಳೆ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 9ನೇ ತಾರೀಖು, ಮಧ್ಯಾಹ್ನ 2.40
(ಸಹಿ) ನಿವೃತ್ತ ಲೇತ್ ಬೋಧಕ