ಬುಟ್ಟಿಯ ಕೆಳಗಿನ ಕಾಣಿಕೆ

ಈ ದೃಷ್ಟಾಂತವನ್ನು ಮೊದಲು ಹೇಳಿದವರು ಗದಗ ಸೀಮೆಯ ಉಪದೇಶಿ ದಾವೀದಪ್ಪ ಮಲ್ಲಸಮುದ್ರ. 1974ರ ಸುಗ್ಗಿಯ ಸ್ತೋತ್ರಾರಾಧನೆಯಲ್ಲಿ, ಕಾಣಿಕೆಯ ಚೀಲ ಚರ್ಚನ್ನೆಲ್ಲ ಸುತ್ತಿ ಬಂದ ಮೇಲೆ. ಚೀಲ ಹಗುರವಾಗಿತ್ತೆಂದು ಅಂದು ಇದ್ದವರು ಇಂದಿಗೂ ಒಪ್ಪುವುದಿಲ್ಲ. ಅವರು ಹೇಳಿದ ಕ್ರಮದಲ್ಲಿಯೇ ಕಥೆ ಇಲ್ಲಿದೆ.

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಹುಟ್ಟು ಶ್ರೀಮಂತನಲ್ಲ, ನೋಡಿ. ಚರ್ಚಿನ ಸಭೆಗೆ ಸೇರಿದ ವರ್ಷ ಅವನ ಆಸ್ತಿಯೆಂದರೆ ಒಂದು ಗುಡಿಸಲು, ನಾಲ್ಕು ಕೋಳಿ. ಸುಗ್ಗಿಯ ಕಾಣಿಕೆಗೆ ಅವನು ಆರಿಸಿದ್ದು ಯಾವುದನ್ನು? ದಿನ ಬಿಡದೆ ತತ್ತಿ ಇಡುತ್ತಿದ್ದ ಕೆಂಪು ಹೇಂಟೆಯನ್ನು!

"ಅದೊಂದನ್ನ ಬಿಟ್ಟು ಬ್ಯಾರೇದು ಕೊಡ್ರಿ," ಎಂದು ಹೆಂಡತಿ ಬೇಡಿಕೊಂಡಳು.

"ಚಲೋದು ನಮಗ, ಉಳಿದದ್ದು ದೇವರಿಗೇನ?" ಎಂದು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ದೇವರು ಆಶೀರ್ವದಿಸಿದರು. ತೊಂದರೆ ಶುರುವಾದದ್ದೇ ಅಲ್ಲಿಂದ! ನಾಲ್ಕು ಕೋಳಿ ನಲವತ್ತಾದವು, ನಲವತ್ತು ನಾನೂರಾದವು. ಚರ್ಚಿನ ಎದುರಿಗೇ ಮಾಳಿಗೆ ಎದ್ದಿತು. ಕಾಣಿಕೆ ಮಾತ್ರ ವರ್ಷಕ್ಕೊಂದೇ ಕೋಳಿ. ಎಷ್ಟು ನಿಷ್ಠೆ, ನೋಡಿ! ಮೊದಲು ಆರಿಸಿ ಕೊಡುತ್ತಿದ್ದ. ಆಮೇಲೆ ಕೈಗೆ ಸಿಕ್ಕಿದ್ದನ್ನು ಕೊಟ್ಟ. ಕೊನೆಗೆ, ಕೈಗೆ ಹೊಲಸು ಹತ್ತೀತೆಂದು ಆಳನ್ನು ಕರೆದ.

"ಯಾವುದು ತತ್ತಿ ಇಡೂದು ಬಿಟ್ಟೈತಿ, ಅದನ್ನ ಚರ್ಚಿಗೆ ಒಯ್ದು ಕೊಡು."

"ಧಣ್ಯಾರ, ಅದರದು ಒಂದು ಕಣ್ಣೂ ಹೋಗೈತ್ರಿ."

"ದೇವರೇನು ಅದರ ಕಣ್ಣು ನೋಡ್ತಾನ? ಒಯ್ಯಿ."

ಆ ವರ್ಷ ಅವನಿಗೆ ಸಭಾಹಿರಿಯನಾಗುವ ಆಸೆ. ಸುಗ್ಗಿಯ ಕಾಣಿಕೆಯ ದಿನವೇ, ಹರಾಜಿನ ಸವಾಲು ಮುಗಿದ ಮೇಲೆ, ಅಂಗಳದಲ್ಲಿ ಕೈ ಎತ್ತಿಸಿ ಹಿರಿಯನನ್ನು ಆರಿಸುವುದಿತ್ತು. ಕಾಣಿಕೆಗಳನ್ನು ಸವಾಲು ಕೂಗಿ ಮಾರುವಾಗ ಆ ಸಭೆಯಲ್ಲೊಂದು ಪದ್ಧತಿ: ಕೊನೆಯದನ್ನು ಬುಟ್ಟಿ ಮುಚ್ಚಿ ಇಡುವರು. ಒಳಗೇನಿದೆ, ಕೊಟ್ಟವರಾರು, ಹೇಳುವುದಿಲ್ಲ. ಜನ ವಸ್ತುವಿಗಾಗಿ ಅಲ್ಲ, ದೇವರಿಗಾಗಿ ಕೂಗಲಿ ಎಂದು. ಶ್ರೀಮಂತನೂ ದೇವರಿಗಾಗಿಯೇ ಕೂಗಿದ. ಎದ್ದು ನಿಂತು, ಕಿಟಕಿಯಾಚೆಗಿದ್ದವರಿಗೂ ಕೇಳುವಂತೆ. ಒಂದು ಎತ್ತಿನ ಬೆಲೆಗೆ ಸವಾಲು ಅವನ ಹೆಸರಿಗೇ ನಿಂತಿತು. ಬುಟ್ಟಿ ಎತ್ತಿದರೆ, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡ ಒಕ್ಕಣ್ಣಿನ ಕೋಳಿ!

ಅವನಿಗೆ ಗುರುತು ಸಿಕ್ಕಿತೇ? ಎಲ್ಲಿಂದ ಸಿಗಬೇಕು? ತನ್ನ ಕಾಣಿಕೆಯ ಮುಖವನ್ನೇ ಅವನು ನೋಡಿರಲಿಲ್ಲ. "ಯಾರಪಾ ದೇವರಿಗೆ ಇಂಥಾದ್ದನ್ನ ಕೊಟ್ಟಾವ್ರು? ನಾಚಿಕಿ ಇಲ್ಲೇನ?" ಎಂದು ಸಭೆಯನ್ನೆಲ್ಲ ಗದರಿದ. ಮೂಲೆಯಲ್ಲಿದ್ದ ಬಡ ವಿಧವೆಯನ್ನು ಕರೆದು, "ತಗೋ ಯವ್ವಾ, ಇದನ್ನ ನಾ ನಿನಗ ಕೊಟ್ಟೀನಿ," ಎಂದ. ಇನ್ನು ಕೈ ಎತ್ತದವರು ಯಾರು?

ಅಂಗಳದಲ್ಲಿ ಜನ ನೆರೆದರು. ವಿಧವೆ ಕನಿಕರದಿಂದ ಕೋಳಿಯ ಕಾಲಿನ ಕಟ್ಟು ಬಿಚ್ಚಿದಳು. ಕೋಳಿ ಒಮ್ಮೆ ಮೈ ಕೊಡವಿಕೊಂಡು, ಮಾಲೆಯ ಸಮೇತ ರಸ್ತೆ ದಾಟಿ, ಮಾಳಿಗೆಯ ಗೇಟಿನ ಕೆಳಗೆ ನುಸುಳಿ, ನೆಟ್ಟಗೆ ಗೂಡಿನೊಳಗೆ ಹೋಗಿ ಕೂತಿತು.

"ಒಂದ ಕಣ್ಣಾದ್ರೂ ಪಾಪ, ತನ್ನ ಮನಿ ಮರ್ತಿಲ್ಲ ನೋಡ್ರಿ ಧಣ್ಯಾರ!" ಎಂದಳು ವಿಧವೆ.

ಚರ್ಚಿನ ಪಾದ್ರಿ ಅಯ್ಯನವರು, "ಇವರು ಹಿರಿಯರಾಗಲಿ ಎನ್ನುವವರು ಕೈ ಎತ್ತಿರಿ," ಎಂದರು. ಎತ್ತಬೇಕಾದ ಕೈಗಳೆಲ್ಲ ನಗು ತಡೆಯಲು ಬಾಯಿಯ ಮೇಲಿದ್ದವು.

ನಗುತ್ತೀರಾ? ನಗಿ, ನಗಿ. ನಗುವುದಕ್ಕೆ ಕಾಣಿಕೆ ಬೇಕಿಲ್ಲ. ಈಗ ಚೀಲಕ್ಕೆ ನೀವು ಹಾಕಿದ್ದು ಯಾವ ಕೋಳಿ? ಹೊಸದಾಗಿ ನೌಕರಿ ಸಿಕ್ಕಾಗ ಪಗಾರದ ಮೊದಲ ಪಾಲು ತಂದಿರಿ. ಮದುವೆಯಾದ ಮೇಲೆ ಖರ್ಚು ಹೆಚ್ಚಿತೆಂದಿರಿ. ಮಕ್ಕಳು ದುಡಿಯತೊಡಗಿದ ಮೇಲೆ, ಇನ್ನು ಅವರೇ ಕೊಡಲಿ ಎಂದಿರಿ. ಅವರೋ, ಅಪ್ಪ ಕೊಡುತ್ತಾರೆಂದು ಸುಮ್ಮನಿದ್ದಾರೆ! ಚೀಲ ಹತ್ತಿರ ಬಂದಾಗಲೇ ಕಣ್ಣು ಮುಚ್ಚಿ ಪ್ರಾರ್ಥಿಸುವವರೇ, ಆ ಪ್ರಾರ್ಥನೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಸಂತೆಯಿಂದ ಬಂದು ಉಳಿದದ್ದನ್ನು ಹುಡುಕಬೇಡಿ. ಹೋಗುವ ಮೊದಲೇ ದೇವರ ಪಾಲನ್ನು ತೆಗೆದಿಡಿ. ನಿಮ್ಮ ಕೈಯಿಂದಲೇ ತೆಗೆದಿಡಿ, ಕಣ್ಣಿಂದ ನೋಡಿ ತೆಗೆದಿಡಿ. ಕೊಡುವಾಗ ಚೂರಾದರೂ ನೋಯಬೇಕು. ನೋಯದಿದ್ದರೆ ಅದು ಕಾಣಿಕೆಯಲ್ಲ, ಮನೆ ಸ್ವಚ್ಛ ಮಾಡಿದ್ದು.

ಇಷ್ಟು ಹೇಳಿ ಉಪದೇಶಿಗಳು ಆಶೀರ್ವಾದ ಕೊಟ್ಟರು. ಜನ ಎದ್ದರು. "ಇವತ್ತಿನ ಪ್ರಸಂಗ ಬರೋಬ್ಬರಿ ಹಿಂದಿನ ಬೆಂಚಿನವರಿಗೇ ಹೇಳಿದ್ರು ನೋಡು," ಎಂದು ಮುಂದಿನ ಬೆಂಚಿನವರೂ, ಮುಂದಿನವರಿಗೇ ಹೇಳಿದ್ದೆಂದು ಹಿಂದಿನವರೂ ಮಾತಾಡಿಕೊಳ್ಳುತ್ತ, ಸಮಾಧಾನದಿಂದ ಮನೆಗೆ ಹೋದರು.