ಗಾವ್ರಿಲ್ ನನಗಾಗಿ ಶ್ರುತಿ ಇಳಿಸಿದ್ದು

ಮಾನ್ಯ ಅಧ್ಯಕ್ಷೆ ಪೆನೆವಾ ಅವರೇ, ಗಣಿ ಕಾರ್ಮಿಕರ ವಾದ್ಯಮೇಳದ ಹಿರಿಯರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಗಾವ್ರಿಲ್ ಅವರೇ, ಈ ಚಳಿಯಲ್ಲೂ ನಮ್ಮ ಪೆರ್ನಿಕ್ ಊರಿನ ಮೂಲೆಮೂಲೆಯಿಂದ ಬಂದು ಕುಳಿತಿರುವ ಸಭಿಕರೇ,

ಮೊದಲಿಗೆ ಒಂದು ಮಾತು. ನನ್ನ ಧ್ವನಿ ಹೀಗೆ ಒಡೆದು ಕೇಳಿಸುತ್ತಿರುವುದು ಧ್ವನಿವರ್ಧಕದ ದೋಷದಿಂದಲ್ಲ. ಅದರ ಗುಂಡಿ ತಿರುಗಿಸುತ್ತಿರುವವರು ದಯವಿಟ್ಟು ನೆಮ್ಮದಿಯಾಗಿ ಕುಳಿತುಕೊಳ್ಳಿ.

ಗಾವ್ರಿಲ್ ಅವರನ್ನು ನೀವೆಲ್ಲ ಗಣಿಯ ಎಲೆಕ್ಟ್ರಿಷಿಯನ್ ಎಂದು ಬಲ್ಲಿರಿ. ನಾನು ಗೋಡೆಯಾಚೆಯ ನೆರೆಯವರಾಗಿ ಬಲ್ಲೆ. ಹಳೆಯ ರೇಡಿಯೊಗಳನ್ನು ಬಿಚ್ಚಿ, ಅಡುಗೆಮನೆಯ ಮೇಜಿನ ಮೇಲೆ ಅವರು ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಒಂದು ಸಿಂಥಸೈಸರ್ ಕಟ್ಟಿದರು. ಮೆಣಸಿನ ಉಪ್ಪಿನಕಾಯಿಯ ಜಾಡಿಗಳೆಲ್ಲ ಜಾಗವಿಲ್ಲದೆ ಮೆಟ್ಟಿಲ ಮೇಲೆ ಬಂದವು. ತಾವು ಮೆಚ್ಚಿದ, ಈಗಿಲ್ಲದ ಸಂಗೀತಗಾರರಿಗೆ ಅದರಲ್ಲಿ ಒಂದೊಂದು ಕೃತಿ ಕಟ್ಟುವುದು ಅವರ ವ್ರತ. ನಮ್ಮೂರ ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಮುದುಕರಿಗೆ ಒಂದು, ಎಂದೂ ಕಣ್ಣಾರೆ ಕಾಣದ ಪರದೇಶದ ಆರ್ಗನ್ ವಾದಕರಿಗೆ ಒಂದು. ಗೌರವಿಸಲು ಪರಿಚಯವೇ ಬೇಕೇ? ಬೇಕಿಲ್ಲ ಎನ್ನುತ್ತಿದ್ದರು ಅವರು.

ನಾನು ಆಗ ಹೆಂಗಸರ ಮೇಳದಲ್ಲಿ ಮೇಲಿನ ದನಿ ಹಾಡುತ್ತಿದ್ದೆ. ನಮ್ಮ ಕಡೆಯ ಹಾಡು ನಿಮಗೆ ಗೊತ್ತೇ ಇದೆ. ಉಳಿದವರು ಕೆಳಗೆ ಶ್ರುತಿ ಹಿಡಿದು ನಿಲ್ಲುತ್ತಾರೆ, ಒಬ್ಬಳು ಅದರ ಮೇಲೆ ಏರಿ ಹೋಗುತ್ತಾಳೆ. ಏರುವವಳು ನಾನು. ಆಮೇಲೆ ಕುತ್ತಿಗೆಯ ಗಡ್ಡೆ ತೆಗೆಸಬೇಕಾಯಿತು. ದನಿ ಹೀಗೆ ಒಡೆಯಬಹುದೆಂದು ವೈದ್ಯರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಮೇಳಕ್ಕೆ ಹೊಸ ದನಿ ಬಂತು. ಬರಲೇಬೇಕಿತ್ತು. ನಾನು ಮಾತ್ರ ಪಾತ್ರೆ ತೊಳೆಯುವಾಗ ಗುನುಗುವುದನ್ನೂ ಬಿಟ್ಟೆ.

ಆ ದಿನಗಳಲ್ಲೇ ಗಾವ್ರಿಲ್ ಬಾಗಿಲಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, "ನೆವೆನಕ್ಕಾ, ನಿಂಗೂ ಒಂದು ಮಾಡಿದೀನಿ" ಎಂದರು.

"ನೀನು ಸತ್ತೋರಿಗೆ ಮಾಡೋದಲ್ವಾ?" ಎಂದು ಕೇಳಿ ನಾನು ಬಾಗಿಲು ಹಾಕಿದೆ.

ಆದರೆ ನನ್ನ ಗಂಡ ಸ್ಟಾಮೆನ್ ಅದನ್ನು ಕೇಳಲು ಹೋದರು. ಒಮ್ಮೆಯಲ್ಲ, ವಾರವಾರವೂ ಹೋದರು. ಹಿಂತಿರುಗಿದಾಗ ಕಣ್ಣು ಕೆಂಪಾಗಿರುತ್ತಿತ್ತು. ಕೇಳಿದರೆ, ಗಾವ್ರಿಲನ ಮನೆಯ ರಾಕಿಯಾ ಸಾರಾಯಿ ಖಾರ ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯಿತು ಸಭಿಕರೇ. ಗಾವ್ರಿಲ್ ನನ್ನ ಹಳೆಯ ದನಿಯನ್ನು ಯಂತ್ರದೊಳಗೆ ಮಾಡಿಟ್ಟಿದ್ದಾನೆ, ಇವರು ಮನೆಯಲ್ಲಿರುವವಳನ್ನು ಬಿಟ್ಟು ಅದನ್ನು ಕೇಳಲು ಹೋಗುತ್ತಿದ್ದಾರೆ ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಜಗಳಕ್ಕೆಂದೇ ಸ್ಟಾಮೆನ್ ಹಿಂದೆ ಗಾವ್ರಿಲ್ ಮನೆಗೆ ಹೋಗಿ, "ಹಾಕು, ನಾನೂ ಕೇಳ್ತೀನಿ" ಎಂದೆ.

ಕೆಳಗಿನ ಶ್ರುತಿ ಶುರುವಾಯಿತು. ತಂತಿಯ ಕಂಬಕ್ಕೆ ಕಿವಿಯಿಟ್ಟಂತೆ ಗುಂಯ್‌ಗುಡುತ್ತಿತ್ತು, ಆದರೂ ನಮ್ಮ ಹೆಂಗಸರೇ ಒತ್ತೊತ್ತಾಗಿ ನಿಂತಂತಿತ್ತು. ಮೇಲಿನ ದನಿಗಾಗಿ ಕಾದೆ. ಅದು ಬರಲಿಲ್ಲ. ಹಾಡು ಮುಗಿಯುವವರೆಗೂ ಬರಲಿಲ್ಲ.

"ನಾನೆಲ್ಲಿ ಇದ್ರಲ್ಲಿ?" ಎಂದು ಕೇಳಿದೆ.

"ಮಾಡಿ ನೋಡ್ದೆ ಅಕ್ಕ. ಎಷ್ಟು ಸಲ ಮಾಡಿದ್ರೂ ಸುಳ್ಳು ಅನ್ನಿಸ್ತು, ಅಳಿಸ್ಬಿಟ್ಟೆ. ನಿನ್ನ ಜಾಗ ಹಾಗೇ ಬಿಟ್ಟಿದೀನಿ. ಸ್ಟಾಮೆನಣ್ಣ ಇಲ್ಲಿ ಕೂತು ನಿನ್ನ ಭಾಗಾನ ಮನಸ್ಸಲ್ಲೇ ಕೇಳ್ಕೋತಾನೆ."

ನನ್ನ ಗಂಡ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಮತ್ತೆ ಹಾಕಲು ಹೇಳಿದೆ. ಬಾಯಿ ತೆರೆದೆ. ಬಂದದ್ದು ಬರೀ ಗೊಗ್ಗರು. ಏರಬೇಕಾದಲ್ಲಿ ಕುಸಿಯಿತು. ನಿಲ್ಲಿಸಬೇಕೆಂದುಕೊಳ್ಳುವಷ್ಟರಲ್ಲಿ ಗಾವ್ರಿಲ್ ಯಂತ್ರದ ಒಂದು ಗುಂಡಿಗೆ ಕೈ ಹಾಕಿದರು. ಶ್ರುತಿ ಇಳಿಯಿತು. ಇನ್ನೂ ಇಳಿಯಿತು. ಗಂಡಸರೂ ಹಾಡದಷ್ಟು ಕೆಳಗೆ, ನನ್ನ ಒಡಕು ದನಿ ಬಿದ್ದಿದ್ದ ಜಾಗಕ್ಕೇ ಬಂದು, ಅದರ ಅಡಿಯಲ್ಲಿ ನಿಂತಿತು. ನಾನು ಹಾಡು ಮುಗಿಸಿದೆ. ಚೆನ್ನಾಗಿರಲಿಲ್ಲ. ಆದರೆ ಮುಗಿಸಿದೆ.

ಯಂತ್ರಕ್ಕೆ ಹೃದಯವಿಲ್ಲ ಎಂದು ಈ ವೇದಿಕೆಯ ಮೇಲೆ ಎಷ್ಟು ಜನ ಹೇಳಿಲ್ಲ? ಇರಲಿಕ್ಕಿಲ್ಲ. ಗುಂಡಿಯ ಮೇಲೆ ಒಂದು ಕೈ ಇತ್ತಲ್ಲ, ನಾನು ಅದರ ಬಗ್ಗೆ ಮಾತನಾಡುತ್ತಿದ್ದೇನೆ.

ಕಳೆದ ವಸಂತದಲ್ಲಿ ಸ್ಟಾಮೆನ್ ತೀರಿಕೊಂಡರು. ಅವರಿಗೂ ಒಂದು ಕೃತಿ ಮಾಡಿಕೊಡು ಎಂದು ಗಾವ್ರಿಲ್ ಅವರನ್ನು ಕೇಳಿದೆ. ಕೇಳಿದ ಮೇಲೆ ನನಗೇ ಸಂಕೋಚವಾಯಿತು. ಸ್ಟಾಮೆನ್ ಸಂಗೀತಗಾರರಲ್ಲ, ಒಂದು ಸ್ವರವನ್ನೂ ನೆಟ್ಟಗೆ ಹಿಡಿದವರಲ್ಲ. ಗಾವ್ರಿಲ್, "ಇಲ್ಲದ ದನೀನ ಅಷ್ಟು ದಿನ ಕೇಳ್ದೋನು ಅವನು. ಅವನಿಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ?" ಎಂದರು.

ಆ ಕೃತಿಯನ್ನು ಈಗ ಮೊದಲ ಬಾರಿಗೆ ಇಲ್ಲಿ ಕೇಳಿಸುತ್ತಾರೆ. ನಾನೂ ಇನ್ನೂ ಕೇಳಿಲ್ಲ. ಮುಗಿಯುವವರೆಗೆ ಚಪ್ಪಾಳೆ ಬೇಡವೆಂದು ಅಧ್ಯಕ್ಷರು ತಿಳಿಸಲು ಹೇಳಿದ್ದಾರೆ, ತಿಳಿಸಿದ್ದೇನೆ. ಆದರೂ ನಿಮ್ಮಲ್ಲಿ ಯಾರಾದರೂ ತಡೆಯಲಾರದೆ ನಡುವೆಯೇ ತಟ್ಟಿಬಿಟ್ಟರೆ, ಪಕ್ಕದವರು ದಯವಿಟ್ಟು ತಿರುಗಿ ನೋಡಬೇಡಿ. ನಾನು ಹಾಡಿದ ಪ್ರತಿ ಸಭೆಯಲ್ಲೂ ಕೊನೆಯ ಸಾಲಿನಲ್ಲಿ ಹಾಗೆ ತಪ್ಪಾದ ಕಡೆ ಚಪ್ಪಾಳೆ ತಟ್ಟುವವರೊಬ್ಬರು ಇರುತ್ತಿದ್ದರು; ಸಭೆ ಮುಗಿದ ಮೇಲೆ ನಾನು ಮನೆಗೆ ಹೋಗುತ್ತಿದ್ದದ್ದು ಅವರ ಜೊತೆಗೇ. ಆಗೆಲ್ಲ ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ಇವತ್ತು ತಗ್ಗಿಸುವುದಿಲ್ಲ.

ಇಷ್ಟು ಹೊತ್ತು ಈ ಒಡಕು ದನಿಯನ್ನು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞಳು. ಗಾವ್ರಿಲ್, ನಿನಗೂ. ನಮಸ್ಕಾರ.